ಕಿತ್ತಳೆಯ ಜೊತೆ ಕೊಟ್ಟ ಉತ್ತರ

ಭವಾನಿ, ನಿನ್ನ ಅಜ್ಜ ಕುಶಾಲಪ್ಪ ಮೇಸ್ತ್ರಿ ರಸ್ತೆ ಕೆಲಸದ ಹೆಂಗಸರನ್ನು ಹೊಡೆಯುತ್ತಿದ್ದರೆಂದು ನನ್ನ ಪುಸ್ತಕದಲ್ಲಿದೆಯಲ್ಲ — ಅದು ಸುಳ್ಳು. ಬರೆಯುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ಕಳೆದ ವಾರ ನೀನು ಮಡಿಕೇರಿಯ ನಮ್ಮ ಮನೆಗೆ ಬಂದು, ಇತಿಹಾಸ ಸಂಶೋಧನೆಗೆ ಸೇರಿದ್ದೇನೆ, ಹಳಬರನ್ನು ಮಾತನಾಡಿಸುವುದು ಹೇಗೆಂದು ಹೇಳಿಕೊಡಿ ಎಂದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ನಿಮ್ಮ ಪುಸ್ತಕ ನಮ್ಮಲ್ಲೂ ಉಂಟು ಮೇಡಂ. ಅಮ್ಮ ಮಾತ್ರ ಅದನ್ನ ಮುಟ್ಟಲ್ಲ” ಎಂದೆ. ದೂರುವ ದನಿಯೇ ಇರಲಿಲ್ಲ. ಬದುಕಿಡೀ ಪಾಠ ಹೇಳಿದ ನಾನು, ಜೋಪಾನವಾಗಿ ಹೋಗು ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು, ಬ್ರಿಟಿಷರ ಕಾಲದಲ್ಲಿ ಎಸ್ಟೇಟಿಗೆ ರಸ್ತೆ ಕಡಿದವರ ಕಥೆ ಕೇಳಲು ಕಕ್ಕಬೆಗೆ ಬಂದೆ. ಆ ಕೆಲಸ ಮಾಡಿದವರಲ್ಲಿ ಉಳಿದಿದ್ದವರು ಚಿನ್ನಮ್ಮಜ್ಜಿ ಒಬ್ಬರೇ. ನನಗೋ ದಬ್ಬಾಳಿಕೆಯ ಕಥೆಯೇ ಬೇಕಿತ್ತು. ನಮ್ಮ ಪ್ರೊಫೆಸರರ ಮುಂದೆ ಆಗಲೇ ಜಂಬ ಕೊಚ್ಚಿ ಬಂದಿದ್ದೆ, ಅಧ್ಯಾಯಕ್ಕೆ ಹೆಸರೂ ಇಟ್ಟಾಗಿತ್ತು.

ಮೇಸ್ತ್ರಿ ಹೊಡೆಯುತ್ತಿದ್ದರಾ ಎಂದು ಕೇಳಿದೆ.

“ಇಲ್ಲೆ ಮಗ. ಅಂವ ಯಾರಿಗೂ ಹೊಡ್ತ್‌ಲೆ. ನಮ್ಮೊಟ್ಟಿಗೆ ಅಂವನೂ ಕಲ್ಲ್ ಹೊತ್ತ.”

ಬೈಯುತ್ತಿದ್ದಿರಬೇಕು, ಕೋಲಾದರೂ ಹಿಡಿದಿರಬೇಕು, ಒಂದೇ ಒಂದು ಏಟು — ಸುತ್ತಿ ಬಳಸಿ ಅದನ್ನೇ ಕೇಳಿದೆ. ಪ್ರತಿ ಸಲವೂ ಅಜ್ಜಿ ಇಲ್ಲವೆಂದರು. ನನ್ನ ಮುಖ ಸಪ್ಪಗಾಗುತ್ತಾ ಹೋಯಿತು. ಅದನ್ನು ಅಡಗಿಸುವ ಜಾಣತನವೂ ಇರಲಿಲ್ಲ. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಮನೆಗೆ ಬಂದವರನ್ನು ಏನೂ ಕೊಡದೆ ಕಳಿಸುವ ಪದ್ಧತಿ ನಿಮ್ಮ ಕಡೆ ಇಲ್ಲ, ನಿನಗೆ ಗೊತ್ತೇ ಇದೆ. ಅಜ್ಜಿ ನನ್ನ ಚೀಲಕ್ಕೆ ಕಿತ್ತಳೆ ತುಂಬಿದರು. ಆಮೇಲೆ ನನ್ನ ಗಲ್ಲ ಮುಟ್ಟಿ ಮೆಲ್ಲಗೆ ಹೇಳಿದರು —

“ಹೊಡ್ದ ಅಂತಲೇ ಬರ್ಕ ಮಗ. ಇಷ್ಟ್ ದೂರಂದ ಬಂದವ್ಳ ಬರೀ ಕೈಲಿ ಕಳ್ಸಿಕೆ ಆದೆನಾ? ಅಂವ ಹೇಂಗೂ ಈಗ ಇಲ್ಲೆ.”

ಎಂಥ ಪ್ರೀತಿ ಅದು! ಅವರು ಕೊಟ್ಟದ್ದು ಸಾಕ್ಷ್ಯವೇ ಅಲ್ಲ, ಕಿತ್ತಳೆಯ ಜೊತೆಗೆ ಇನ್ನೊಂದು ಕಿತ್ತಳೆ. ಪುಸ್ತಕವಾದರೆ ಏನಾಗುತ್ತದೆಂದು ಅಜ್ಜಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು — ಆದರೂ ತೆಗೆದುಕೊಂಡೆ. ಬಸ್ಸು ನಾಪೋಕ್ಲು ಮುಟ್ಟುವಷ್ಟರಲ್ಲಿ ಹಣ್ಣು ತಿಂದು ಮುಗಿಸಿದ್ದೆ. ಆ ಮಾತು ಮಾತ್ರ ನಿನ್ನ ಅಜ್ಜನ ಹೆಸರಿನ ಜೊತೆ ಅಚ್ಚಾಯಿತು. ಅದರ ಬಲದಿಂದಲೇ ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಹೆಸರು ಬಂತು.

ನೀನು ಕೇಳಿದ ಪಾಠ ಇದರಲ್ಲೇ ಇದೆ. ಉತ್ತರದ ಪಕ್ಕದಲ್ಲಿ ನಿನ್ನ ಪ್ರಶ್ನೆಯನ್ನೂ ಬರೆ, ಅದನ್ನು ಎಷ್ಟು ಸಲ ಕೇಳಿದೆ ಎಂಬುದನ್ನೂ ಬರೆ. ಮೊದಲು ಬಂದ ಉತ್ತರವನ್ನು ಬಿಸಾಡಬೇಡ. ನಿನ್ನ ಮುಖ ನೋಡಿ ಯಾರಾದರೂ ಮಾತು ಬದಲಿಸಿದರೆ ಪೆನ್ನು ಮುಚ್ಚಿ, ಅವರು ಕೊಟ್ಟ ಕಾಫಿ ಕುಡಿದು, ಇನ್ನೊಂದು ದಿನ ಹೋಗು. ಮತ್ತೆ — ಸತ್ತವರಿಗೂ ಮಕ್ಕಳಿರುತ್ತಾರೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ ಎಂದು ಬರೆಯಹೊರಟಿದ್ದೆ. ಬೇಡ. ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಪ್ಪೊಪ್ಪಿ ಪತ್ರಿಕೆಗೂ ಬರೆಯುತ್ತೇನೆ. ಆದರೆ ಮೊದಲು ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮಮ್ಮ ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಹೇಳುತ್ತೇನೆ — ನಿಮ್ಮ ತಂದೆ ಯಾರ ಮೇಲೂ ಕೈ ಎತ್ತಿದವರಲ್ಲ, ಕೂಲಿಯವರ ಜೊತೆ ತಾವೂ ಕಲ್ಲು ಹೊತ್ತವರು ಎಂದು. ಅಷ್ಟು ಹೇಳಿ ಹೊರಡುತ್ತೇನೆ. ಬರಿಗೈಯಲ್ಲಿ ಹಿಂತಿರುಗುವುದನ್ನು ನಾನು ಆವತ್ತೇ ಕಲಿಯಬೇಕಿತ್ತು.