ಬಾಯಿಗೆ ನೀರು ಬಿಟ್ಟವರು

ಊರಲ್ಲಿ ಎಲ್ಲರೂ ನನ್ನನ್ನು ಮಿಲಿಟ್ರಿಯವರು ಎನ್ನುತ್ತಿದ್ದರು. ರಜೆಯಲ್ಲಿ ಬಂದು ಮೂಡುಬಿದಿರೆಯಲ್ಲಿ ಬಸ್ಸಿಳಿದರೆ ಸಾಕು, ಪರಿಚಯದವರು ಯಾರಾದರೂ, "ಈ ಸಲ ಎಷ್ಟು ಜನರನ್ನು ಹೊಡೆದು ಹಾಕಿದ್ರಿ ಮಾರಾಯ್ರೆ?" ಎಂದು ಕೀಟಲೆ ಮಾಡುವವರೇ. ನಾನು ಬಂದೂಕು ಮುಟ್ಟಿದವನಲ್ಲ, ಸಮವಸ್ತ್ರ ತೊಟ್ಟವನೂ ಅಲ್ಲ. ರಸಾಯನಶಾಸ್ತ್ರ ಓದಿ, ಸೈನ್ಯದ ಠಾಣೆಗಳಲ್ಲಿ ನೀರು, ಚರಂಡಿ, ಸೊಳ್ಳೆ ನೋಡಿಕೊಳ್ಳಲು ಸೇರಿದ ಸಿವಿಲಿಯನ್ ನೌಕರ. ಎಪ್ಪತ್ತರ ದಶಕದ ಬಹುಪಾಲು ಉತ್ತರದ ಒಂದು ಗುಡ್ಡಗಾಡಿನ ಠಾಣೆಯಲ್ಲೇ ಕಳೆಯಿತು. ತೊರೆಯ ನೀರನ್ನು ಪರೀಕ್ಷೆ ಮಾಡಿ, ಬೇಕಾದಷ್ಟು ಬ್ಲೀಚಿಂಗ್ ಪೌಡರ್ ಹಾಕಿಸಿ, ಕುಡಿಯಲು ಯೋಗ್ಯವೆಂದು ಸಹಿ ಮಾಡಬೇಕು. ಯಾರಿಗಾದರೂ ವಾಂತಿಭೇದಿಯಾದರೆ ಬೈಗುಳ ನನಗೆ. ಆಗದಿದ್ದರೆ ನಾನೊಬ್ಬ ಅಲ್ಲಿದ್ದೇನೆಂಬ ನೆನಪೂ ಯಾರಿಗೂ ಇರುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಇರಲು ಆ ಕೆಲಸವೇ ಕಾರಣ ಎಂದು ಹೆಂಡತಿ ಹೇಳುವುದುಂಟು.

ಒಂದು ಬೆಳಿಗ್ಗೆ ಟ್ಯಾಂಕಿನ ಹತ್ತಿರ ಒಬ್ಬ ಎಳೆಯ ಜವಾನ ನೀರು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ತನ್ನಷ್ಟಕ್ಕೆ ತುಳುವಿನಲ್ಲಿ ಬೈದ. ಅಲ್ಲಿ ಯಾರಿಗೂ ಅರ್ಥವಾಗದು ಎಂಬ ಧೈರ್ಯ ಅವನಿಗೆ. "ಬೈದದ್ದು ನನ್ನನ್ನೇ. ನನಗೆ ಅರ್ಥ ಆಗ್ತದೆ" ಎಂದು ತುಳುವಿನಲ್ಲೇ ಹೇಳಿದೆ. ಅವನು ನಾಚಿದ, ಆಮೇಲೆ ನಕ್ಕುಬಿಟ್ಟ. ಬೆಳ್ತಂಗಡಿ ಪಕ್ಕದ ಲಾಯಿಲದವನು. ಅಂದಿನಿಂದ ಅವನಿಗೆ ನಾನು ಅಣ್ಣ. "ಅಣ್ಣ, ನಿಮ್ಮ ನೀರಿಗೆ ಆಸ್ಪತ್ರೆಯ ವಾಸನೆ ಉಂಟು" ಎನ್ನದೆ ಅವನು ಒಂದು ದಿನವೂ ಹೋದದ್ದಿಲ್ಲ. ನನಗೆ ಮಕ್ಕಳಿರಲಿಲ್ಲ. ಅವನು ಬರುವುದು ತಡವಾದರೆ ಕಣ್ಣು ದಾರಿಯ ಮೇಲೆಯೇ ಇರುತ್ತಿತ್ತು.

ಮರುವರ್ಷದ ಚಳಿಗಾಲದಲ್ಲಿ ಅವನು ಒಬ್ಬನೇ ಮೇಲಿನ ಕಾವಲು ಚೌಕಿಗೆ ಹೋಗುತ್ತಿದ್ದಾಗ ಅವನ ಮೇಲೆ ಹಿಮ ಜರಿದು ಬಿತ್ತು. ದೇಹ ಸಿಗಲು ಹಲವು ದಿನ ಬೇಕಾಯಿತು. ಆಗೆಲ್ಲ ದೇಹವನ್ನು ಊರಿಗೆ ಕಳಿಸುವ ಕ್ರಮವಿರಲಿಲ್ಲ, ಅಲ್ಲೇ ಸುಟ್ಟರು. ಊರಿನವನೆಂದು ಅವನ ಟ್ರಂಕನ್ನು ನನ್ನ ಕೈಯಲ್ಲೇ ಕಟ್ಟಿಸಿ ಲಾಯಿಲಕ್ಕೆ ಕಳಿಸಿದರು.

ಮೇ ತಿಂಗಳಲ್ಲಿ ನಾನು ರಜೆಗೆ ಬಂದದ್ದು ತಿಳಿದು ಅವನ ಅಕ್ಕನ ಗಂಡ ಮೂಡುಬಿದಿರೆಯ ನಮ್ಮ ಮನೆಗೆ ಬಂದರು. "ಅತ್ತೆಗೆ ನಿಮ್ಮನ್ನು ನೋಡ್ಬೇಕಂತೆ. ಹೋಗಿ ಬರುವ" ಎಂದರು. ವೇಣೂರು ದಾರಿಯ ಬಸ್ಸಿನಲ್ಲಿ ಕೂತು, ಪಿಂಚಣಿಯ ಬಗ್ಗೆ ಕೇಳಿದರೆ ಏನು ಹೇಳುವುದು, ಅವನಿಗೆ ನೋವಾಯಿತೇ ಎಂದು ಕೇಳಿದರೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡೆ.

ಅವನ ತಾಯಿ ಚೊಂಬಿನಲ್ಲಿ ನೀರು, ಜೊತೆಗೆ ಬೆಲ್ಲ ತಂದಿಟ್ಟರು. ನಾನು ಅಭ್ಯಾಸಬಲದಿಂದ ಚೊಂಬನ್ನು ಮೂಗಿನ ಹತ್ತಿರ ಹಿಡಿದೆ. ತಪ್ಪು ಗೊತ್ತಾಗಿ ಇಳಿಸುವಷ್ಟರಲ್ಲಿ ಅವರು ನೋಡಿಯಾಗಿತ್ತು. "ಅವನೂ ಹೋದ ರಜೆಯಲ್ಲಿ ಹಾಗೇ ಮೂಸಿ ಕುಡಿದದ್ದು. ನಾನು ಬೈದಿದ್ದೆ. ನಿಮ್ಮಿಂದ ಕಲ್ತದ್ದಾ?" ಎಂದರು. ನಾನು ಚೊಂಬನ್ನು ಮತ್ತೆ ಎತ್ತಿ ಅರ್ಧ ನೀರು ಕುಡಿದೆ.

ಆಮೇಲೆ ಅವರು ಕೇಳಿದರು, "ಬೇಸರ ಮಾಡ್ಬೇಡಿ. ಕೊನೆಗೆ ಅವನ ಬಾಯಿಗೆ ನೀರು ಬಿಟ್ಟದ್ದು ಯಾರು?"

ಬಸ್ಸಿನಲ್ಲಿ ನಾನು ಎಣಿಸಿಕೊಂಡ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಹೋಗುವವರ ಬಾಯಿಗೆ ಹತ್ತಿರದವರೊಬ್ಬರು ನೀರು ಬಿಡಬೇಕು, ಇಲ್ಲದಿದ್ದರೆ ಆ ಜೀವ ಬಾಯಾರಿಕೊಂಡೇ ಅಲೆಯುತ್ತದೆ ಎಂದು ನಂಬಿದ ಜನ ನಾವು. ಅಳಿಯ ನನ್ನ ಮುಖವನ್ನೇ ನೋಡುತ್ತಿದ್ದರು. "ಹತ್ತಿರ ಯಾರೂ ಇರಲಿಲ್ಲ ಅಮ್ಮ" ಎಂದೆ.

ಅವರು ಅಳಲಿಲ್ಲ. ಒಳಗೆ ಹೋಗಿ ಒಂದು ಅಲ್ಯೂಮಿನಿಯಂ ಬಾಟಲಿ ತಂದರು. ಅವನು ಠಾಣೆಯ ಬಜಾರಿನಲ್ಲಿ ಕೊಂಡದ್ದು. "ಟ್ರಂಕಿನಲ್ಲಿ ಬಂತು. ಖಾಲಿ ಉಂಟು. ಅಂದ್ರೆ ಅವನೇ ಕುಡಿದಿದ್ದಾನೆ ಅಲ್ವಾ?"

ಆ ಬಾಟಲಿ ಅವನ ಸೊಂಟದಲ್ಲಿ ಸಿಕ್ಕಿತ್ತು. ಹೊರಡುವ ದಿನ ಅದಕ್ಕೆ ನೀರು ತುಂಬಿಸಿ ಕೊಟ್ಟವನು ನಾನೇ. ನನ್ನ ಕೈಗೆ ವಾಪಸು ಬಂದಾಗ ಅದರಲ್ಲಿ ಕುತ್ತಿಗೆಯವರೆಗೂ ಮಂಜುಗಡ್ಡೆ ಇತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಟ್ರಂಕಿನೊಳಗೆ ಬಟ್ಟೆ ಒದ್ದೆಯಾಗಬಾರದೆಂದು ಒಲೆಯ ಪಕ್ಕ ಇಟ್ಟು ಕರಗಿಸಿ, ಹೊರಗೆ ಚೆಲ್ಲಿದ್ದೆ. ಬೇರೇನೂ ಯೋಚಿಸಿರಲಿಲ್ಲ.

ಅವರು ಬಾಟಲಿಯನ್ನು ನೆಲದ ಮೇಲಿಟ್ಟರು. ಅದು ನಿಲ್ಲದೆ ಮಗುಚಿತು. "ಅಡಿ ಯಾಕೆ ಹೀಗೆ ಉಬ್ಬಿದ್ದು? ರಜೆಗೆ ತಂದಾಗ ಸರಿಯಾಗಿ ನಿಲ್ತಿತ್ತು."

ತುಂಬಿದ ನೀರು ಹೆಪ್ಪುಗಟ್ಟಿದರೆ ಮಾತ್ರ ಬಾಟಲಿ ಹಾಗೆ ಉಬ್ಬುತ್ತದೆ. ಖಾಲಿಯಾದದ್ದು ಉಬ್ಬುವುದಿಲ್ಲ. ಸರಕಾರ ನನಗೆ ಸಂಬಳ ಕೊಡುತ್ತಿದ್ದದ್ದೇ ಇಂಥದ್ದನ್ನೆಲ್ಲ ತಿಳಿದಿರುವುದಕ್ಕೆ.

"ಬಿಸಿನೀರು ಹಾಕಿದ್ರೆ ಹಾಗಾಗ್ತದೆ ಅಮ್ಮ" ಎಂದೆ.

"ಬಿಸಿನೀರಾ?" ಅವರು ಬಾಟಲಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ಹಾಗಾದ್ರೆ ಆ ಚಳಿಯಲ್ಲಿ ಬಿಸಿಯದ್ದೇ ಕುಡಿದು ಹೋದ." ಆಗ ಅವರಿಗೆ ಅಳು ಬಂತು. ನನಗೂ ಬಂತು. ಅಳಿಯ ಎದ್ದು ಅಂಗಳಕ್ಕೆ ಹೋದರು.

ಆಮೇಲೆ ನನಗೆ ಬೇರೆ ಬೇರೆ ಠಾಣೆಗಳಿಗೆ ವರ್ಗವಾಯಿತು. ಹೋದಲ್ಲೆಲ್ಲ ಅದೇ ತೊರೆ, ಅದೇ ಪೌಡರ್, ಅದೇ ಸಹಿ. ಲಾಯಿಲಕ್ಕೆ ಮತ್ತೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಎಂಬತ್ತರ ದಶಕದ ನಡುವೆ, ಒಂದು ರಜೆಯಲ್ಲಿ, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ಅಳಿಯ ಸಿಕ್ಕಿದರು. ಅತ್ತೆ ಹೋಗಿ ಒಂದು ಮಳೆಗಾಲ ಕಳೆಯಿತು ಎಂದರು.

"ಕೊನೆಗೆ ಆ ಬಾಟ್ಲಿಯಿಂದಲೇ ನೀರು ಬಿಡ್ಬೇಕು, ಬಿಸಿ ಮಾಡಿ ಬಿಡ್ಬೇಕು ಅಂತ ಹೇಳಿದ್ರು. ಹಾಗೇ ಬಿಟ್ಟದ್ದು."

"ಕುಡಿದ್ರಾ?" ಎಂದು ಕೇಳಿದೆ.

"ಒಂದು ಗುಟುಕು ಇಳೀತು. ಮತ್ತೆ ಬಿಡುವಾಗ ಬೇಡ ಅಂತ ಕೈ ಅಡ್ಡ ಹಿಡಿದ್ರು. ಉಳಿದದ್ದು ಮಗನಿಗೆ ಇರಲಿ, ಅವನು ಕುಡೀಲಿಲ್ಲ ಅಂದ್ರು."

ಬಸ್ಸು ಬಂತು. ಅವರು ಹತ್ತಿ ಹೋದರು. ನನ್ನದೂ ಅದೇ ಬಸ್ಸು, ಆದರೆ ನನಗೆ ಹತ್ತಲಾಗಲಿಲ್ಲ.