ಉಸಿರು ಬಿಡದ ಗೆಳತಿ

ನಮ್ಮ ಸೀಮೆಯವರಿಗೆ ಸಮುದ್ರವೆಂದರೆ ಊರಿನ ಹೆಸರಿನಲ್ಲಷ್ಟೇ ಬರುವ ಪದಾರ್ಥ. ಪಾವಗಡ ತಾಲ್ಲೂಕಿನಲ್ಲಿ ಬಲಸಮುದ್ರವಿದೆ. ಅಲ್ಲಿ ಹೋಗಿ ನಿಂತರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು. ಇಂಥ ಸಮುದ್ರ ನೋಡಿಯೇ ತೃಪ್ತರಾಗಬೇಕಿದ್ದ ಮಧುಗಿರಿಯ ಇಬ್ಬರು ಹೈಸ್ಕೂಲ್ ಮೇಡಂಗಳು, ಅಂದರೆ ನಾನು ಮತ್ತು ನನ್ನ ಗೆಳತಿ, ಹೋದ ದಸರಾ ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ಎಂಬ ಪುಟ್ಟ ದ್ವೀಪದ ಪಕ್ಕದಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದೆವು. ಮನೆಯಲ್ಲಿ ಈಶ್ವರನ ದರ್ಶನಕ್ಕೆಂದು ಹೇಳಿದ್ದೆವು. ಸುಳ್ಳೇನೂ ಅಲ್ಲ, ದೋಣಿಯಿಂದಲೂ ಅವನು ಕಾಣುತ್ತಾನೆ.

ಮುಳುಗುವ ಆಸೆ ನನ್ನದಲ್ಲ. ಬಕೆಟ್ಟಿಗಿಂತ ಆಳದ ನೀರಿನ ಪರಿಚಯ ನನಗಿಲ್ಲ, ಬೇಕಾಗಿಯೂ ಇರಲಿಲ್ಲ. ಆಸೆ ಅವಳದು. ಐ.ಡಿ.ಹಳ್ಳಿ ಕಡೆಯವಳು, ಅಣ್ಣಂದಿರ ಜೊತೆ ಹೊಲದ ಬಾವಿಯಲ್ಲಿ ಈಜು ಕಲಿತವಳು. ಆ ಬಾವಿಯಲ್ಲಿ ಪಂದ್ಯವೆಂದರೆ ಮುಳುಗಿ ಉಸಿರು ಕಟ್ಟಿ ಕೂರುವುದು. ಮೇಲೆ ನಿಂತವರು ಎಣಿಸಬೇಕು. ಅಣ್ಣಂದಿರೆಲ್ಲ ಬಾಯಿ ಬಿಡುತ್ತಾ ಮೇಲೆದ್ದರೂ ಇವಳು ಏಳುತ್ತಿರಲಿಲ್ಲವಂತೆ. ಹದಿಮೂರಕ್ಕೆ ದೊಡ್ಡವಳಾದಳು. ಆರತಿ, ಚಿಗಳಿ, ತಂಬಿಟ್ಟು ಎಲ್ಲ ಮುಗಿಯಿತು. ಮಾರನೆಯ ವಾರ ಬಾವಿಗಿಳಿದವಳನ್ನು ಅಮ್ಮ ಜಡೆ ಹಿಡಿದು ಮೆಟ್ಟಿಲ ಮೇಲೆಯೇ ಎಳೆದುಕೊಂಡು ಹೋದರು. ಅಣ್ಣಂದಿರು ಈಜುತ್ತಲೇ ಇದ್ದರು. ಅವರು ದೊಡ್ಡವರಾದದ್ದು ಯಾರಿಗೂ ಅಡ್ಡಿಯಾಗಲಿಲ್ಲ.

ಅಂದಿನಿಂದ ಮೂವತ್ತು ಚಿಲ್ಲರೆ ವರ್ಷ ಅವಳು ನೀರಿಗಿಳಿದಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ, "ಸಾಯೋದ್ರೊಳ್ಗೆ ಒಂದ್ಸಲ ಮುಳುಗ್ಬೇಕು ಕಣೇ," ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಹತ್ತಿರದಲ್ಲೇ ಎಲ್ಲಾದರೂ ಮುಳುಗು ಎನ್ನೋಣವೆಂದರೆ, ಶಿರಾದಿಂದ ಕೊರಟಗೆರೆಯವರೆಗೆ ನಮ್ಮ ಹಳೆಯ ವಿದ್ಯಾರ್ಥಿಗಳಿಲ್ಲದ ಜಾಗವೇ ಇಲ್ಲ. ಮೇಡಂ ನೀರಿನಲ್ಲಿದ್ದಾರೆ ಎಂಬ ವಿಡಿಯೋ ನಾವು ತಲೆ ಒರೆಸಿಕೊಳ್ಳುವ ಮೊದಲೇ ಊರು ಸುತ್ತುತ್ತಿತ್ತು. ಹಾಗಾಗಿ ಬ್ಯಾಗಿಗೆ ನಿಪ್ಪಟ್ಟು, ಚಟ್ನಿಪುಡಿ ತುಂಬಿಕೊಂಡು ಘಟ್ಟ ಇಳಿದೆವು.

ನೀರಿಗೆಂದು ಇಬ್ಬರೂ ಹಳೆಯ ನೈಟಿ ತಂದಿದ್ದೆವು. ಡೈವಿಂಗ್ ಕಲಿಸುವಾತ ಅವನ್ನು ನೋಡಿ ಬಹಳ ಮರ್ಯಾದೆಯಿಂದ ಆಚೆ ತಿರುಗಿಕೊಂಡ. ಆಮೇಲೆ ಎರಡು ಕಪ್ಪು ರಬ್ಬರ್ ಉಡುಪು ಕೊಟ್ಟ. ಒಂದು ಚೀಲದೊಳಗೆ ಎರಡು ಚೀಲದ ರಾಗಿ ತುಂಬುವ ವಿದ್ಯೆ ಗೊತ್ತಿದ್ದರೆ ಮಾತ್ರ ಅದನ್ನು ಹಾಕಿಕೊಳ್ಳಬಹುದು. ದೋಣಿ ಹೊರಟು ಅರ್ಧ ಗಂಟೆಗೆ ನಾನು ಬೆಳಗಿನ ಇಡ್ಲಿಯನ್ನು ಅರಬ್ಬಿ ಸಮುದ್ರಕ್ಕೆ ಒಪ್ಪಿಸಿದೆ. ಅವಳು ನನ್ನ ಬೆನ್ನು ನೀವುತ್ತಿದ್ದಳು, ಕಣ್ಣು ಮಾತ್ರ ನೀರಿನ ಮೇಲಿತ್ತು. ಅಷ್ಟು ಖುಷಿಯಾಗಿ ಅವಳನ್ನು ನಾನು ಸಂಬಳದ ದಿನವೂ ನೋಡಿಲ್ಲ.

ದ್ವೀಪದ ಹತ್ತಿರ ದೋಣಿ ನಿಂತಿತು. "ನಿಯಮ ಒಂದೇ ಮೇಡಂ," ಅಂದ ಆತ. "ಕೆಳಗೆ ಹೋದ ಮೇಲೆ ಉಸಿರು ಕಟ್ಟಬಾರದು. ಬಾಯಲ್ಲಿ ಎಳೆಯುವುದು, ಬಾಯಲ್ಲೇ ಬಿಡುವುದು. ಕಟ್ಟಿಕೊಂಡು ಮೇಲೆ ಬಂದರೆ ಜೀವಕ್ಕೇ ಅಪಾಯ." ಮೊದಲು ದೋಣಿಯ ಪಕ್ಕದಲ್ಲೇ ಹಗ್ಗ ಹಿಡಿದು, ಮುಖ ಮುಳುಗಿಸಿ ಪರೀಕ್ಷೆ. ಈಜು ಬಾರದ, ಇಡ್ಲಿಯೂ ಉಳಿಯದ ನಾನು ಮೊದಲ ಸಲಕ್ಕೇ ಪಾಸಾದೆ. ಬಾಯಿ ಮುಚ್ಚಿಕೊಂಡು ಸುಮ್ಮನಿದ್ದು ಅಭ್ಯಾಸವಿಲ್ಲದವರಿಗೆ ಇದು ಸುಲಭ.

ಅವಳು ಫೇಲಾದಳು. ಮುಖ ಮುಳುಗಿಸಿದ್ದೇ ತಡ, ಬಾಯಲ್ಲಿ ಸಿಲಿಂಡರಿನ ಗಾಳಿ ಕೊಳವೆಯಿದ್ದರೂ ಉಸಿರು ನಿಂತುಹೋಗುತ್ತಿತ್ತು. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಆತ ಭುಜ ತಟ್ಟಿ ಎಬ್ಬಿಸಿದ. ಮತ್ತೆ ಮುಳುಗಿಸಿದ, ಮತ್ತೆ ಅದೇ. ಬಾವಿಯಲ್ಲಿ ಗೆಲ್ಲಿಸುತ್ತಿದ್ದ ವಿದ್ಯೆ ಸಮುದ್ರದಲ್ಲಿ ಅವಳನ್ನು ಕೆಡಿಸಿತು.

"ಏನ್ಮಾಡ್ಲೇ, ನೀರು ತಾಕಿದ್ರೆ ಉಸ್ರು ತಾನೇ ನಿಂತೋಯ್ತದೆ," ಅಂದಳು ನನಗೆ.

ಮೂರನೆಯ ಸಲವೂ ಗುಳ್ಳೆ ಬರದಿದ್ದಾಗ ಆತ, "ಹೀಗಾದರೆ ಕೆಳಗೆ ಕರೆದುಕೊಂಡು ಹೋಗುವುದಕ್ಕಾಗುವುದಿಲ್ಲ ಮಾರಾಯ್ರೆ. ನೀವು ದೋಣಿಯಲ್ಲೇ ಕೂತಿರಿ," ಅಂದ. ಆತನ ತಪ್ಪಿರಲಿಲ್ಲ. ಆದರೂ ನನಗೆ ಮೈ ಉರಿಯಿತು. ನಾನು ಕೆಳಗಿಳಿದು ಮೀನು ನೋಡಿ ಬರುವುದು, ಇವಳು ದೋಣಿಯಲ್ಲಿ ಕೂತು ನಿಪ್ಪಟ್ಟು ಕಾಯುವುದು! ಅವಳು ಬಾಯಿಂದ ಕೊಳವೆ ತೆಗೆದಳು.

ನಮ್ಮ ಸ್ಟಾಫಿನವರ ಮನೆಯಲ್ಲಿ ಯಾವ ಮದುವೆಯಾದರೂ ಸೋಬಾನೆಗೆ ಇವಳದೇ ಮೊದಲ ದನಿ. ಹಸೆಯ ಮುಂದೆ ಕೂತು ಅವಳು ಒಂದೊಂದು ಸಾಲನ್ನು ಎಷ್ಟು ಉದ್ದ ಎಳೆಯುತ್ತಾಳೆಂದರೆ ಫೋಟೋದವರು ಕ್ಯಾಮೆರಾ ಇಳಿಸಿ ಟೀ ಕುಡಿದು ಬರಬಹುದು. ನನಗೆ ಆ ಸಂಕಟದಲ್ಲಿ ನೆನಪಾದದ್ದು ಅದು.

"ಲೇ, ಸೋಬಾನೆ ಹೇಳೇ."

"ಈ ನೀರಾಗೇನೇ? ತಲೆ ಕೆಟ್ಟೈತಾ ನಿಂಗೆ?"

"ಕೊಳವೆ ಬಾಯಾಗೇ ಇರ್ಲಿ, ಗಂಟ್ಲಾಗೇ ಗುನುಗು. ಉಸ್ರು ಕಟ್ಕೊಂಡು ಹೆಂಗ್ ಹಾಡ್ತೀಯ, ನಾನೂ ನೋಡ್ತೀನಿ."

ಆತ ನನ್ನ ಮುಖ ನೋಡಿದ. ಕೊನೆಗೆ, "ಒಂದೇ ಒಂದು ಸಲ," ಅಂದ. ಅವಳು ಕೊಳವೆ ಕಚ್ಚಿ ಮುಖ ಮುಳುಗಿಸಿದಳು. ಮೊದಲು ಏನೂ ಇಲ್ಲ. ಆಮೇಲೆ ನೀರಿನೊಳಗಿಂದ ದುಂಬಿ ಮೊರೆದಂಥ ಸದ್ದು, ಅದರ ಹಿಂದೆಯೇ ಗುಳ್ಳೆಗಳ ಸಾಲು. ಸಾಲು ಮುಗಿಯಿತು, ಉಸಿರೆಳೆದುಕೊಂಡಳು, ಮುಂದಿನ ಸಾಲು ಹಿಡಿದಳು. ಹತ್ತಾರು ಸಾಲು ಕೇಳಿ ಖಾತ್ರಿಯಾದ ಮೇಲೆ ಆತ ನನಗೆ ಹೆಬ್ಬೆರಳು ತೋರಿಸಿ ಅವಳನ್ನು ಕರೆದುಕೊಂಡು ಕೆಳಗೆ ಹೋದ.

ಅವರ ಹಿಂದೆಯೇ ಇನ್ನೊಬ್ಬರು ನನ್ನನ್ನೂ ಸಾಮಾನಿನಂತೆ ಹಿಡಿದು ಇಳಿಸಿದರು. ಬಣ್ಣದ ಮೀನುಗಳು ತಪಾಸಣೆಗೆ ಬಂದ ಅಧಿಕಾರಿಗಳ ಹಾಗೆ ನನ್ನನ್ನು ನೋಡಿ, ಏನೂ ಬರೆದುಕೊಳ್ಳದೆ ಹೋದವು. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿದ್ದು ಅವಳನ್ನೇ. ತಳದ ಬಂಡೆಗಳ ಮೇಲೆ ಕೈ ಚಾಚಿ ತೇಲುತ್ತಿದ್ದಳು. ತಲೆಯ ಮೇಲೆ ಗುಳ್ಳೆಗಳು ತಪ್ಪದೆ ಏಳುತ್ತಿದ್ದವು.

ಸಮಯ ಮುಗಿದು ಎಲ್ಲರೂ ಮೇಲೆ ಬಂದೆವು. ನಾನು ಕಬ್ಬಿಣದ ಏಣಿ ಹಿಡಿದು ದೋಣಿ ಹತ್ತಿದೆ. ಅವಳು ಸಿಲಿಂಡರ್ ಬಿಚ್ಚಿಕೊಟ್ಟಳು, ಆದರೆ ಹತ್ತಲಿಲ್ಲ. ದೋಣಿಯ ಪಕ್ಕದಲ್ಲೇ ಅಂಗಾತ ಮಲಗಿ ತೇಲತೊಡಗಿದಳು. ಈಜು ಮರೆತಿರಲಿಲ್ಲ.

"ಮೇಡಂ, ಮೇಲೆ ಬನ್ನಿ," ಎಂದು ಆತ ಕೂಗಿದ. ಅವಳು ಬೆಚ್ಚಿ ತಲೆಯೆತ್ತಿದಳು. ಆ ಮುಖ ನಮ್ಮ ಎಂಟನೇ ಕ್ಲಾಸಿನ, ಹದಿಮೂರರ ಹುಡುಗಿಯರದು. ನನಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿ ಬಂತು.

"ಏಣಿ ಎತ್ತಬೇಕು ಮೇಡಂ, ಹೊರಡುವ ಹೊತ್ತಾಯಿತು," ಎಂದು ಆತ ನನಗೆ ಹೇಳಿದ. ಮನೆ ಬಿಟ್ಟಾಗಿನಿಂದ ಯಾವಾಗ ವಾಪಸು ಹೋಗುತ್ತೇವೋ ಎಂದು ಗೊಣಗುತ್ತಿದ್ದವಳು ನಾನೇ. ಎದ್ದುಹೋಗಿ ಏಣಿಯ ಮೇಲೆ ಕೂತು, ಕಾಲೆರಡನ್ನೂ ನೀರಿಗೆ ಇಳಿಬಿಟ್ಟೆ.

"ಇರಪ್ಪ," ಅಂದೆ. "ಅವ್ಳಿಗೆ ಬರ್ಬೇಕು ಅನ್ಸಿದಾಗ ಬತ್ತಾಳೆ."