ಗೋಡೆ ಹತ್ತದ ಸಾಲು

ಈಗಲೂ ಹಾಸನದ ಬಸ್ ಸ್ಟ್ಯಾಂಡ್ ಕಡೆ ಹೋದರೆ ನಾನು ಆ ಕಟ್ಟಡದ ಎರಡನೇ ಮಹಡಿಯತ್ತ ತಲೆ ಎತ್ತುವುದಿಲ್ಲ. ಎತ್ತಿದರೆ ಮೈ ಉರಿಯುತ್ತದೆ. ಎಷ್ಟೋ ದೇಶಗಳಲ್ಲಿ ಶಾಖೆಗಳಿರುವ ಭಾಷಾ ಶಾಲೆಯೊಂದು ಅಲ್ಲಿ ಇಂಗ್ಲಿಷ್ ಕಲಿಸುತ್ತದೆ. ನಾನು ಅಲ್ಲಿ ಟೀಚರ್ ಆಗಿದ್ದೆ.

ಸೇರಿದ ಮೊದಲ ವಾರವೇ ಮ್ಯಾನೇಜರ್ ನನ್ನ ಕೈಗೆ ಸಂಸ್ಥೆಯ ಚರಿತ್ರೆಯ ದಪ್ಪ ಪುಸ್ತಕ ಕೊಟ್ಟರು. ಅದನ್ನು ಒಂದು ಪುಟದ ಕನ್ನಡಕ್ಕೆ ಇಳಿಸಬೇಕು, ರಿಸೆಪ್ಷನ್ ಗೋಡೆಗೆ ಹಾಕಲು. ಓದುತ್ತಾ ಓದುತ್ತಾ ಸಂಸ್ಥಾಪಕರ ಮೇಲೆ ಪ್ರೀತಿಯೇ ಬಂತು. ಊರು ಬಿಟ್ಟು ಪರದೇಶಕ್ಕೆ ಹೋದ ಮನುಷ್ಯ. ಬೇಕರಿಯ ಮೇಲಿನ ಒಂದೇ ಕೋಣೆಯಲ್ಲಿ, ತನ್ನಂತೆಯೇ ವಲಸೆ ಬಂದ ಕಾರ್ಖಾನೆ ಕೆಲಸದವರಿಗೆ ಇಂಗ್ಲಿಷ್ ಹೇಳಿಕೊಟ್ಟವರು. ಅವರ ತಾಯ್ನುಡಿಯಲ್ಲಿ ‘ಹ’ಕಾರವೇ ಇಲ್ಲವಂತೆ, ಸಾಯುವವರೆಗೂ ಅವರ ‘ಹೆಲೋ’ ಬರೀ ‘ಎಲೋ’ ಆಗಿಯೇ ಉಳಿಯಿತಂತೆ. ಹಾಸನದ ಪಕ್ಕದ ಕಟ್ಟಾಯದಲ್ಲಿ ಹುಟ್ಟಿದ ನನಗೆ ನಗು ತಡೆಯಲಾಗಲಿಲ್ಲ. ನಮ್ಮಮ್ಮ ಇವತ್ತಿಗೂ “ಆಸನಕ್ಕೆ ಓಗ್ಬುಟ್ ಬತ್ತೀನಿ” ಅನ್ನುವವಳು. ಸಂಸ್ಥಾಪಕರ ಆ ‘ಎಲೋ’ ಸಾಲನ್ನೇ ಮೊದಲು ಬರೆದೆ. ಮ್ಯಾನೇಜರ್ ಅದನ್ನೇ ಹೊಡೆದುಹಾಕಿದರು.

“ಫೌಂಡರ್ ಮರ್ಯಾದೆ ಪ್ರಶ್ನೆ ಮೇಡಂ,” ಅಂದರು. ನಾನೂ ಆ ಸಾಲು ಬಿಟ್ಟೇ ಪುಟ ಬರೆದುಕೊಟ್ಟೆ, ಅದು ಗೋಡೆ ಹತ್ತಿತು.

ನನ್ನ ಕ್ಲಾಸಿಗೆ ಅರಕಲಗೂಡಿನ ಹೆಂಗಸೊಬ್ಬರು ಬರುತ್ತಿದ್ದರು. ಹಾಸನದ ಆಸ್ಪತ್ರೆಯೊಂದರಲ್ಲಿ ಆಯಾ. ಮಂಡಿ ಸವೆದಿತ್ತು, ಇನ್ನು ಬಗ್ಗಿ ವಾರ್ಡ್ ಒರೆಸುವುದು ಆಗದ ಮಾತು. ಆಸ್ಪತ್ರೆಯವರು ಫೋನ್ ತೆಗೆಯುವ ಕೆಲಸ ಕೊಡುತ್ತೇವೆ, ಆದರೆ ಈ ಶಾಲೆಯ ಸರ್ಟಿಫಿಕೇಟ್ ತನ್ನಿ ಎಂದಿದ್ದರು. ಅದಿಲ್ಲದಿದ್ದರೆ ಮನೆಗೆ. ಆಕೆ ಬಸ್ಸಿನಲ್ಲಿ ನಿಂತುಕೊಂಡೇ ಪಾಠ ಬಾಯಿಪಾಠ ಮಾಡುತ್ತಿದ್ದರು.

ಪರೀಕ್ಷೆಯ ದಿನ ಬೆಂಗಳೂರಿನಿಂದ ಪರೀಕ್ಷಕರು ಬಂದರು. ಅಪ್ಪನಿಗೆ ಎದೆನೋವು ಎಂದು ಗಾಬರಿಯಾಗಿ ಆಸ್ಪತ್ರೆಗೆ ಫೋನ್ ಮಾಡಿದ ಮಗನಂತೆ ನಟಿಸುತ್ತಾ ಇಂಗ್ಲಿಷಿನಲ್ಲಿ ಕೂಗಾಡಿದರು. ಆಕೆ ಅವರನ್ನು ಸಮಾಧಾನ ಮಾಡಿ, ವಿಳಾಸ ಕೇಳಿ ಬರೆದುಕೊಂಡು, ಆಂಬುಲೆನ್ಸ್ ಹೊರಟಿದೆ, ಅಪ್ಪನನ್ನು ನಡೆಸಬೇಡಿ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಎಷ್ಟು ಚೆನ್ನಾಗಿತ್ತು! ಆದರೆ ಶುರುವಿಗೆ “ಎಲ್ಲೋ, ಆಸನ್ ಆಸ್ಪಿಟಲ್” ಎಂದುಬಿಟ್ಟಿದ್ದರು.

ಪರೀಕ್ಷಕರು ಹೊಟ್ಟೆ ಹಿಡಿದು ನಕ್ಕರು. “ಎಲ್ಲೋ ಅಂತ ಕೇಳಿದ್ರೆ ಇಲ್ಲೇ ಇದೀನಿ ಅನ್ಬೇಕಾ?” ನಗುತ್ತಲೇ ಫೇಲ್ ಎಂದು ಬರೆದರು.

ಆಕೆಯನ್ನು ಹೊರಗೆ ಕಳಿಸಿದ ಮೇಲೆ ನಾನು ಆ ಪುಸ್ತಕ ತಂದು, ಪುಟ ತೆರೆದು, ಮೇಜಿನ ಮೇಲೆ ಕುಕ್ಕಿದೆ. ಸಂಸ್ಥಾಪಕರಿಗೇ ‘ಹ’ ಬರುತ್ತಿರಲಿಲ್ಲ, ಓದಿ ನೋಡಿ ಎಂದು ಕೂಗಾಡಿದೆ.

“ಅದು ಹಿಸ್ಟರಿ ಮೇಡಂ. ಇದು ಸ್ಟ್ಯಾಂಡರ್ಡ್,” ಅಂದರು ಪರೀಕ್ಷಕರು. ಪುಟದ ಕಡೆ ಕಣ್ಣೂ ಹಾಯಿಸಲಿಲ್ಲ. ಎಂಥ ಕೊಬ್ಬು! ನಾಲಿಗೆ ಹೊರಳದ ಒಬ್ಬನ ಹೆಸರಿನಲ್ಲಿ ಅನ್ನ ತಿನ್ನುವವರು, ನಾಲಿಗೆ ಹೊರಳದ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುತ್ತಾರೆ. ಅಷ್ಟೆಲ್ಲ ಹಾರಾಡಿದ ನಾನು, ಟೀಚರ್ ಸಹಿ ಬೇಕು ಎಂದು ಅವರು ಹಾಳೆ ತಳ್ಳಿದಾಗ, ಕೆಲಸ ಹೋದೀತೆಂದು ಹೆದರಿ ಸಹಿ ಹಾಕಿದೆ.

ಹೊರಗೆ ರಿಸೆಪ್ಷನ್ನಿನಲ್ಲಿ ಆಕೆ, ಸಂಸ್ಥಾಪಕರ ಚರಿತ್ರೆ ಹಾಕಿದ್ದ ಆ ಗೋಡೆಯ ಮುಂದೆ ನಿಂತಿದ್ದರು. ನನ್ನ ಕೂಗಾಟ ಕೇಳಿಸಿತ್ತು.

“ಅವ್ರಿಗೂ ‘ಅ’ ಬತ್ತಿರ್ಲಿಲ್ವಾ ಮೇಡಂ?”

‘ಹ’ ಎನ್ನಲು ಹೊರಟಿದ್ದರು. ಹೌದು ಎಂದೆ.

“ಅಂಗಾರೆ ಅವ್ರುನ್ನ ಪಾಸ್ ಮಾಡ್ದೋರ್ ಯಾರು?”

ಯಾರೋ ನನಗೆ ಗೊತ್ತಿಲ್ಲ. ಈಕೆಯನ್ನು ಫೇಲ್ ಮಾಡಿದ ಹಾಳೆಯಲ್ಲಿ ನನ್ನ ಸಹಿ ಇದೆ.